ಆಕಾಶದಲ್ಲಿ ದಾರಿ ಹುಡುಕಿದವರು

ಭಾಂಡುಪಿನಲ್ಲಿ ಬಾಳುವ ನಮಗೆ ದಿಕ್ಕು ತಪ್ಪುವ ಭಯ ಕಡಿಮೆ. ಪೂರ್ವಕ್ಕೆ ಉಪ್ಪಿನ ಆಗರಗಳು, ಅವುಗಳಾಚೆ ಠಾಣೆಯ ಖಾಡಿ. ಪಶ್ಚಿಮಕ್ಕೆ ಗುಡ್ಡಗಳ ಸಾಲು, ಅದರ ಬೆನ್ನಿಗೆ ವಿಹಾರ, ತುಲಸಿ, ಪವಯಿ ಎಂಬ ಮೂರು ಕೆರೆಗಳು. ನಡುವೆ ಗೆರೆ ಎಳೆದಂತೆ ರೈಲುಹಳಿ. ಈ ಹಳಿಯ ಇತಿಹಾಸದಲ್ಲಿ ನಮ್ಮ ಊರಿಗೆ ಒಂದು ಸಣ್ಣ ಹೆಗ್ಗಳಿಕೆಯೂ ಉಂಟು. ಮುಂಬಯಿಯಿಂದ ಠಾಣೆ, ಕಲ್ಯಾಣಗಳ ಮಾರ್ಗವಾಗಿ ಥಳ ಮತ್ತು ಭೋರ್ ಘಾಟುಗಳಿಗೆ ರೈಲುದಾರಿ ಹಾಕಬಹುದೆಂಬ ವಿಚಾರ ಮುಂಬಯಿ ಸರಕಾರದ ಮುಖ್ಯ ಇಂಜಿನಿಯರರಾಗಿದ್ದ ಜಾರ್ಜ್ ಕ್ಲಾರ್ಕರಿಗೆ ಹೊಳೆದದ್ದು 1843ರಲ್ಲಿ, ಅವರು ಭಾಂಡುಪಿಗೆ ಬಂದಿದ್ದಾಗ. ಹತ್ತು ವರ್ಷಗಳ ತರುವಾಯ, 1853ರ ಏಪ್ರಿಲ್ 16ರಂದು, ದೇಶದ ಮೊದಲ ಪ್ರಯಾಣಿಕರ ಗಾಡಿ ಬೋರಿಬಂದರದಿಂದ ಠಾಣೆಗೆ ಓಡಿತು. ನಮ್ಮ ಊರನ್ನು ಹಾದೇ ಓಡಿತು.

ರೈಲಿನ ಮಾತು ಇಲ್ಲಿ ಏಕೆ ಬಂತೆಂದರೆ, ಮುಂದೆ ಎಂಬತ್ತು ವರ್ಷಗಳಾದ ಮೇಲೆ ಆಕಾಶದಲ್ಲಿ ಹಾರಲು ಹೊರಟವರು ದಾರಿಗಾಗಿ ಮೊಟ್ಟಮೊದಲು ನಂಬಿದ್ದು ಇಂಥ ಹಳಿಗಳನ್ನೇ. ಆ ವಿದ್ಯೆಯ ಕಥೆಯನ್ನು ಬರೆಯಬೇಕೆಂಬ ಬಯಕೆ ಹುಟ್ಟಿದ್ದು ಮಾತ್ರ ವಿಮಾನ ನಿಲ್ದಾಣದಲ್ಲಲ್ಲ, ನಮ್ಮ ನೆರೆಮನೆಯಲ್ಲಿ. ದಕ್ಷಿಣ ಕನ್ನಡದಿಂದ ಬಂದು ಇಲ್ಲಿ ನೆಲೆಸಿದ ಕುಟುಂಬ ಅದು. ಅವರ ಹುಡುಗ ಕಾಲೇಜಿನಿಂದ ಬಂದವನೇ ಕಂಪ್ಯೂಟರಿನ ಮುಂದೆ ಕುಳಿತು ಯುದ್ಧವಿಮಾನ ಹಾರಿಸುವ ಆಟದಲ್ಲಿ ಮುಳುಗಿಬಿಡುತ್ತಾನೆ. ಒಂದು ಸಂಜೆ ನೋಡುತ್ತೇನೆ: ಗುಂಡಿಲ್ಲ, ಹೊಗೆಯಿಲ್ಲ, ಮಡಿಲಲ್ಲಿ ಒಂದು ಕಾಗದದ ನಕಾಶೆ, ಕೈಯಲ್ಲಿ ಪೆನ್ಸಿಲು, ಪಕ್ಕದಲ್ಲಿ ಗಡಿಯಾರ. ಪರದೆಯ ಮೇಲಿನ ನಕಾಶೆಯಲ್ಲಿ ತನ್ನ ವಿಮಾನ ಎಲ್ಲಿದೆಯೆಂದು ತೋರಿಸುವ ಗುರುತನ್ನು ಅವನೇ ಅಳಿಸಿಟ್ಟಿದ್ದ.

“ಇದ್ದ ಗುರುತನ್ನು ಯಾಕೆ ತೆಗೆದೆಯಪ್ಪ?” ಎಂದೆ.

“ಗುರುತು ಇಟ್ಟುಕೊಂಡರೆ ಮತ್ತೆ ಹುಡುಕುದೆಂತ ಮಾಮ? ಆಗಿನವರಿಗೆ ಅದೆಲ್ಲ ಇತ್ತಾ?” ಎಂದು ಮರುಪ್ರಶ್ನೆ ಹಾಕಿದ.

ಈ ಆಟಗಳ ಬಗ್ಗೆ ನನಗಿದ್ದ ತಾತ್ಸಾರ ಆ ಮಾತಿನಿಂದ ಅರ್ಧದಷ್ಟು ಇಳಿಯಿತು. 1998ರಲ್ಲಿ ಮೈಕ್ರೋಸಾಫ್ಟಿನವರು ಎರಡನೆಯ ಮಹಾಯುದ್ಧದ ವಿಮಾನಗಳ ಆಟವನ್ನು ಹೊರತಂದರು. 2001ರಲ್ಲಿ ರಷ್ಯದ ಓಲೆಗ್ ಮ್ಯಾಡಾಕ್ಸರ ತಂಡ ‘ಇಲ್-2 ಸ್ಟುರ್ಮೊವಿಕ್’ ಎಂಬುದನ್ನು ತಂದಿತು. ಅಲ್ಲಿಂದೀಚೆಗೆ ಇಂಥ ಆಟಗಳಲ್ಲಿ ಎರಡು ಪಂಗಡದ ಆಟಗಾರರಿದ್ದಾರೆ. ನಕಾಶೆಯಲ್ಲಿ ತಮ್ಮ ವಿಮಾನ ಹರಿದಾಡುವುದನ್ನು ನೋಡುತ್ತ ಗುರಿಯತ್ತ ನಡೆಯುವವರು ಒಂದು ಪಂಗಡ. ಆ ಗುರುತನ್ನು ತೆಗೆದುಹಾಕಿ, ದಿಕ್ಸೂಚಿ, ಗಡಿಯಾರ, ಕಣ್ಣು ಇವಿಷ್ಟರಿಂದಲೇ ಹೋಗಿ ಮನೆ ಸೇರಬೇಕೆಂದು ಹಠ ಹಿಡಿಯುವವರು ಇನ್ನೊಂದು. ನಮ್ಮ ಹುಡುಗ ಎರಡನೆಯ ಪಂಗಡದವನು.

ಹಾಗಾದರೆ ‘ಆಗಿನವರು’ ದಾರಿಯನ್ನು ಹೇಗೆ ಕಂಡುಕೊಳ್ಳುತ್ತಿದ್ದರು? ತತ್ತ್ವ ಸರಳವಾದುದು. ಹೊರಟ ಸ್ಥಳ ಗೊತ್ತು, ಹಿಡಿದ ದಿಕ್ಕು ಗೊತ್ತು, ವೇಗ ಗೊತ್ತು, ಕಳೆದ ಕಾಲ ಗೊತ್ತು. ಆದುದರಿಂದ ಈಗ ಎಲ್ಲಿರಬೇಕೆಂಬುದೂ ಗೊತ್ತಾಗಲೇಬೇಕು. ತೊಡಕು ತರುವುದು ಗಾಳಿ. ಗಂಟೆಗೆ 160 ಕಿಲೋಮೀಟರಿನಂತೆ ಹಾರುವ ವಿಮಾನಕ್ಕೆ ಗಂಟೆಗೆ 20 ಕಿಲೋಮೀಟರಿನ ಅಡ್ಡಗಾಳಿ ಬೀಸಿದರೆ, ಮೂಗು ನೆಟ್ಟಗಿದ್ದರೂ ವಿಮಾನ ಸುಮಾರು 7 ಅಂಶಗಳಷ್ಟು ಓರೆಯಾಗಿ ಸಾಗುತ್ತದೆ. ಹೊಳೆಯ ಸೆಳವಿನಲ್ಲಿ ದೋಣಿ ದಾಟಿಸುವ ಅಂಬಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ವೈಮಾನಿಕರು ನೆನಪಿನಲ್ಲಿಡುವ ಲೆಕ್ಕವೊಂದಿದೆ: ಒಂದು ಅಂಶ ತಪ್ಪಿದರೆ ಅರವತ್ತು ಮೈಲಿಗೆ ಒಂದು ಮೈಲಿ ಆಚೆ ಹೋಗುತ್ತೇವೆ. ಆದುದರಿಂದ ಆಗಾಗ ಕೆಳಗೆ ನೋಡಿ, ಕಂಡದ್ದನ್ನು ನಕಾಶೆಯೊಡನೆ ತಾಳೆ ಹಾಕಿ, ದಿಕ್ಕನ್ನು ತಿದ್ದಿಕೊಳ್ಳಬೇಕು.

ಇಲ್ಲಿಯೇ ಹೊಸಬರು ಮುಗ್ಗರಿಸುವುದು. ಹೊಸಬ ಮೊದಲು ನೆಲವನ್ನು ನೋಡುತ್ತಾನೆ. ಒಂದು ಹೊಳೆ, ಒಂದು ಸೇತುವೆ ಕಾಣುತ್ತದೆ. ಆಮೇಲೆ ನಕಾಶೆಯಲ್ಲಿ ಅಂಥದನ್ನು ಹುಡುಕುತ್ತಾನೆ. ಹುಡುಕಿದರೆ ಸಿಗದೆ ಏನು? ಹೊಳೆ, ಸೇತುವೆಗಳಿಗೆ ನಮ್ಮ ದೇಶದಲ್ಲಿ ಬರವೇ? ಸಿಕ್ಕಿದ್ದನ್ನು ಅದೇ ಎಂದು ನಂಬುತ್ತಾನೆ, ಅಲ್ಲಿಂದ ಮುಂದೆ ಎಲ್ಲವೂ ತಪ್ಪು. ಪಳಗಿದವನು ಮೊದಲು ಗಡಿಯಾರ ನೋಡುತ್ತಾನೆ, ಆಮೇಲೆ ನಕಾಶೆ, ಕಡೆಗೆ ನೆಲ. ‘ಹೊರಟು ನಲವತ್ತು ನಿಮಿಷವಾಯಿತು, ನಕಾಶೆಯ ಪ್ರಕಾರ ಎಡಗಡೆ ಹೊಳೆಯೊಂದು ಬಾಗಬೇಕು, ಎಲ್ಲಿ, ನೋಡೋಣ’ ಎಂಬುದು ಅವನ ಕ್ರಮ. ಹಳಿಯನ್ನು ಹಿಡಿದು ಹೋಗುವವನಿಗೂ ಇದೇ ಮಾತು. ಭಾಂಡುಪಿನ ಮೇಲಿನ ಹಳಿಯನ್ನು ಕಣ್ಣುಮುಚ್ಚಿ ನಂಬಿ ಹೋದರೆ ಕಲ್ಯಾಣದಲ್ಲಿ ಅದು ಕವಲೊಡೆಯುತ್ತದೆ. ದಿಕ್ಸೂಚಿಯನ್ನು ನೋಡದವನು ಪುಣೆಗೆ ಹೊರಟು ನಾಸಿಕದ ದಾರಿ ಹಿಡಿದಾನು.

ನಕಾಶೆಗಳ ಮಾತು ಬಂದಾಗ ಕನ್ನಡನಾಡನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ 7 ಮೈಲಿಗೂ ಮಿಕ್ಕಿದ ನೇರ ಗೆರೆಯೊಂದನ್ನು ಸರಪಳಿ ಹಿಡಿದು ಅಳೆದ. ದೇಶವನ್ನೆಲ್ಲ ತ್ರಿಕೋನಗಳ ಬಲೆಯಲ್ಲಿ ಹಿಡಿದ ಮಹಾ ಮೋಜಣಿ ಕ್ರಮವಾಗಿ ಮೊದಲಾದದ್ದು 1802ರಲ್ಲಿ ಮದರಾಸಿನಿಂದ. ಬೆಂಗಳೂರಿನ ಅಳತೆ ಅದರ ಪೂರ್ವಸಿದ್ಧತೆ. ವೈಮಾನಿಕನ ಮೊಣಕಾಲಿನ ಮೇಲೆ ಕುಳಿತ ನಕಾಶೆ ಹೀಗೆ ಸರಪಳಿ ಹೊತ್ತು ಬಿಸಿಲಲ್ಲಿ ನಡೆದವರ ಬೆವರಿನಿಂದ ಆದದ್ದು.

ಇನ್ನು 1932ರ ಅಕ್ಟೋಬರಿಗೆ ಬರೋಣ. ಆ ತಿಂಗಳ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಟಪಾಲು ಹೊತ್ತು, ಅಹಮದಾಬಾದಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು, ಮಧ್ಯಾಹ್ನ ಜುಹೂವಿಗೆ ಬಂದಿಳಿದ ಕಥೆಯನ್ನು ಮುಂಬಯಿಯ ಮಕ್ಕಳೂ ಬಲ್ಲರು. ರೇಡಿಯೋ ಇಲ್ಲ, ನೆಲದಿಂದ ದಾರಿ ಹೇಳುವವರಿಲ್ಲ. ಆದರೆ ಕಥೆಯ ಉತ್ತರಾರ್ಧವನ್ನು ಹೇಳುವವರು ಕಡಿಮೆ, ನಮಗೆ ಬೇಕಾದುದು ಅದೇ. ಜುಹೂವಿನಿಂದ ಟಪಾಲನ್ನು ಮದರಾಸಿಗೆ ಒಯ್ದವರು ಟಾಟಾರವರ ಜೊತೆಗಾರ ನೆವಿಲ್ ವಿನ್ಸೆಂಟ್. ರಾತ್ರಿ ಹಾರುವ ಅನುಕೂಲವಿಲ್ಲದ ಕಾಲ; ನಡುವೆ ಒಂದು ರಾತ್ರಿ ತಂಗಲೇಬೇಕು. ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಹೀಗೆ ಭಾರತದ ಮೊದಲ ದೇಶೀಯ ವಿಮಾನ ಟಪಾಲಿನ ಮಾರ್ಗದಲ್ಲಿ ಕರಾಚಿ, ಅಹಮದಾಬಾದು, ಮುಂಬಯಿ, ಮದರಾಸುಗಳ ಸಾಲಿನಲ್ಲಿ ಒಂದು ಕನ್ನಡ ಊರೂ ಸೇರಿಕೊಂಡಿತು.

ವಿನ್ಸೆಂಟರು ಯಾವ ಯಾವ ಊರಿನ ಮೇಲೆ ಹಾರಿದರೆಂದು ಇಲ್ಲಿ ಕಟ್ಟುಕಥೆ ಹೇಳುವುದಿಲ್ಲ. ಓದುಗರು ನಕಾಶೆ ತೆಗೆದು ಜುಹೂವಿನಿಂದ ಬಳ್ಳಾರಿಗೆ ಅಡಿಕೋಲು ಇಟ್ಟು ನೋಡಲಿ. ಗೆರೆ ಸರಿಯಾಗಿ ಆಗ್ನೇಯಕ್ಕೆ ಬೀಳುತ್ತದೆ. ಉದ್ದ ಸುಮಾರು 600 ಕಿಲೋಮೀಟರು, ಆ ವಿಮಾನಕ್ಕೆ ನಾಲ್ಕು ಗಂಟೆಯೊಳಗಿನ ಪ್ರಯಾಣ. ಸಹ್ಯಾದ್ರಿಯನ್ನು ಏರಿದ ಮೇಲೆ ಪುಣೆ ಎಡಕ್ಕೆ ಉಳಿಯುತ್ತದೆ. ಬಿಜಾಪುರ, ಅಂದರೆ ಈಗಿನ ವಿಜಯಪುರ, ಎಡಕ್ಕೆ ಸುಮಾರು 40 ಕಿಲೋಮೀಟರಿನಾಚೆ. ಬಾಗಲಕೋಟೆ ಬಲಕ್ಕೆ ಹತ್ತಿರದಲ್ಲೇ. ಅವೆರಡರ ನಡುವೆ ಕೃಷ್ಣೆಯನ್ನು ದಾಟಬೇಕು. ಮುಂದೆ ಕುಷ್ಟಗಿಯ ಬಯಲು, ಅಲ್ಲಿಂದ ಕಂಪ್ಲಿಯ ಹತ್ತಿರ ತುಂಗಭದ್ರೆ, ಆಮೇಲೆ ಬಂಡೆಗುಡ್ಡಗಳ ನಡುವೆ ಬಳ್ಳಾರಿ. ಐದು ಅಂಶ ತಪ್ಪಿದರೆ ಊರು 50 ಕಿಲೋಮೀಟರಿನಷ್ಟು ಆಚೆಯಾಗುತ್ತದೆ. ಬಳ್ಳಾರಿಯಿಂದ ಗುಂತಕಲ್ಲಿಗೆ ಇರುವಷ್ಟು ದೂರ.

ಈ ಗೆರೆಯನ್ನು ನೋಡುವಾಗ ಇನ್ನೊಂದು ಸಂಗತಿ ಮನಸ್ಸಿಗೆ ಬಂತು. 1932ರಲ್ಲಿ ಬಾಗಲಕೋಟೆ ಮುಂಬಯಿ ಇಲಾಖೆಯದು, ಕುಷ್ಟಗಿ ನಿಜಾಮರದು, ತುಂಗಭದ್ರೆ ದಾಟಿದರೆ ಬಳ್ಳಾರಿ ಮದರಾಸಿನದು. ನಡುನಡುವೆ ಜಮಖಂಡಿ, ಮುಧೋಳಗಳಂಥ ಸಂಸ್ಥಾನಗಳ ತುಣುಕುಗಳು. ಕನ್ನಡ ನೆಲದ ಮೇಲೆ ಎರಡು ಗಂಟೆಯೂ ಹಾರದ ವಿಮಾನ ಮೂರು ಸರಕಾರಗಳ ಗಡಿಯನ್ನು ದಾಟುತ್ತಿತ್ತು! ವೈಮಾನಿಕನಿಗೆ ಅದರ ಗೊಡವೆಯಿಲ್ಲ; ನದಿಗಳು ಮೇಲಿನಿಂದ ಕಾಣುತ್ತವೆ, ಆ ಗಡಿಗಳು ಕಾಣುವುದಿಲ್ಲ. ನಕಾಶೆಯಲ್ಲಿ ಅವು ಅಳಿಯಲು ಇನ್ನೂ ಕಾಲ ಬೇಕಾಯಿತು: ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು, ಉಳಿದವು 1956ರ ನವೆಂಬರ್ 1ರಂದು.

ದಾರಿ ಓದುವುದರಲ್ಲಿ ಎಡವಿದರೆ ಏನಾಗುತ್ತದೆಂಬುದಕ್ಕೆ ಮುಂಬಯಿಯೇ ಸಾಕ್ಷಿ. ಜುಹೂ ಮತ್ತು ಸಾಂತಾಕ್ರೂಜ್ ನಿಲ್ದಾಣಗಳು ಒಂದಕ್ಕೊಂದು ತೀರ ಹತ್ತಿರ. 1953ರ ಜುಲೈಯಲ್ಲಿ ಬಿ. ಓ. ಎ. ಸಿ. ಕಂಪನಿಯ ಕಾಮೆಟ್ ಜೆಟ್ ವಿಮಾನ ಸಾಂತಾಕ್ರೂಜ್ ಎಂದು ಭಾವಿಸಿ ಜುಹೂವಿನ ಗಿಡ್ಡ ಓಟದಾರಿಯಲ್ಲಿ ಇಳಿದುಬಿಟ್ಟಿತು. ಅಲ್ಲಿಂದ ಅದನ್ನು ಹಾರಿಸಿಕೊಂಡು ಹೋಗಲು ಎಷ್ಟೋ ದಿನ ಬೇಕಾಯಿತು. ಜನ ನಕ್ಕು ಮರೆತರು. 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್ ಲೈನ್ಸಿನ ಡಿ. ಸಿ. 8 ವಿಮಾನವೂ ಅದೇ ತಪ್ಪು ಮಾಡಿ, ಓಟದಾರಿ ಸಾಲದೆ ಆಚೆ ನುಗ್ಗಿ ಜಖಂಗೊಂಡಿತು. ದೇವರ ದಯೆಯಿಂದ ಯಾರ ಜೀವವೂ ಹೋಗಲಿಲ್ಲ. ಆದರೆ ಎಲ್ಲ ತಪ್ಪುಗಳೂ ಹೀಗೆ ಅಗ್ಗದಲ್ಲಿ ಮುಗಿಯುವುದಿಲ್ಲ. 1962ರ ಜುಲೈ 7ರ ರಾತ್ರಿ ಬ್ಯಾಂಕಾಕಿನಿಂದ ಮುಂಬಯಿಗೆ ಬರುತ್ತಿದ್ದ ಅಲಿಟಾಲಿಯಾ ವಿಮಾನ ಜುನ್ನರದ ಹತ್ತಿರದ ಗುಡ್ಡಕ್ಕೆ ಬಡಿಯಿತು. ಮುಂಬಯಿಗೆ ಇನ್ನೂ ಎಂಬತ್ತು ಕಿಲೋಮೀಟರಿಗಿಂತ ಹೆಚ್ಚು ದೂರವಿತ್ತು. ತಾವು ನಿಜವಾಗಿ ಇದ್ದುದಕ್ಕಿಂತ ಊರಿಗೆ ಹತ್ತಿರವಾಗಿದ್ದೇವೆಂದು ನಂಬಿ ಕೆಳಗಿಳಿಯತೊಡಗಿದ್ದರು. 94 ಮಂದಿ ಮಡಿದರು. ‘ನಾನು ಎಲ್ಲಿದ್ದೇನೆ’ ಎಂಬ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟುಕೊಂಡದ್ದರ ಬೆಲೆ ಅದು.

ಈ ತಪ್ಪುಗಳನ್ನು ನೆಲದ ಮೇಲೆಯೇ ಮಾಡಿ ಮುಗಿಸಿಕೊಳ್ಳಲಿ ಎಂಬ ಉದ್ದೇಶದಿಂದ ಹುಟ್ಟಿದ್ದು ಕೃತಕ ವಿಮಾನ. ಅಮೆರಿಕದ ಎಡ್ವಿನ್ ಲಿಂಕ್ ಆರ್ಗನ್ ವಾದ್ಯಗಳನ್ನು ತಯಾರಿಸುವ ಮನೆತನದವನು. ವಾದ್ಯದ ತಿದಿ, ಕವಾಟಗಳ ತಿಳಿವಳಿಕೆಯನ್ನೇ ಬಳಸಿ, 1929ರ ಸುಮಾರಿಗೆ, ನಿಂತಲ್ಲೇ ಓಲಾಡುವ ಪುಟ್ಟ ವಿಮಾನವೊಂದನ್ನು ಮಾಡಿದ. ಮೊದಮೊದಲು ಅದನ್ನು ಜಾತ್ರೆಯ ಆಟಿಕೆಯೆಂದೇ ಜನ ಕಂಡರು. 1934ರಲ್ಲಿ ಅಲ್ಲಿಯ ಸೈನ್ಯಕ್ಕೆ ವಿಮಾನ ಟಪಾಲಿನ ಕೆಲಸ ಬಿತ್ತು. ಕೆಟ್ಟ ಹವೆಯಲ್ಲಿ ಉಪಕರಣಗಳನ್ನು ನೋಡಿ ಹಾರಲು ಅರಿಯದ ತರುಣರು ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಗ ಸೈನ್ಯ ಲಿಂಕನ ಪೆಟ್ಟಿಗೆಗಳನ್ನು ಕೊಂಡಿತು, ಮೊದಲಿಗೆ ಆರು. ಮಹಾಯುದ್ಧ ಮುಗಿಯುವುದರೊಳಗೆ ಅವುಗಳ ಎಣಿಕೆ ಸಾವಿರಗಳನ್ನು ಮುಟ್ಟಿತು.

ಆ ಪೆಟ್ಟಿಗೆಯ ಒಂದು ಅಂಗವನ್ನು ವಿಶೇಷವಾಗಿ ಹೇಳಬೇಕು. ಶಿಷ್ಯನನ್ನು ಒಳಗೆ ಕೂರಿಸಿ ಮುಚ್ಚಳ ಹಾಕುತ್ತಿದ್ದರು. ಅವನಿಗೆ ಕಾಣುವುದು ಮುಳ್ಳುಗಳು ಮಾತ್ರ. ಹೊರಗೆ ಗುರುವಿನ ಮೇಜು. ಮೇಜಿನ ಮೇಲೆ ನಕಾಶೆ, ನಕಾಶೆಯ ಮೇಲೆ ಮೂರು ಗಾಲಿಗಳ ಚಿಕ್ಕ ಯಂತ್ರ. ‘ಏಡಿ’ ಎಂದು ಅದರ ಅಡ್ಡಹೆಸರು. ಶಿಷ್ಯನು ಒಳಗೆ ತಿರುಗಿಸಿದಂತೆ ಏಡಿ ಹೊರಗೆ ಹರಿದಾಡಿ ಮಸಿಯಲ್ಲಿ ಅವನ ದಾರಿಯನ್ನು ಬರೆಯುತ್ತಿತ್ತು. ಗುರುವಿಗೆ ಎಲ್ಲ ಕಾಣುತ್ತದೆ, ಶಿಷ್ಯನಿಗೆ ಕಾಣುವುದಿಲ್ಲ. ಪಾಠ ಮುಗಿದು ಮುಚ್ಚಳ ತೆಗೆದ ಮೇಲೆಯೇ ತಾನು ಅಲೆದ ದಾರಿಯನ್ನು ಅವನು ನೋಡಬೇಕು. ಇಂದಿನ ಆಟದಲ್ಲಿ ನಕಾಶೆಯ ಮೇಲೆ ಹರಿದಾಡುವ ಗುರುತು ಈ ಏಡಿಯ ಮೊಮ್ಮಗುವೇ. ವ್ಯತ್ಯಾಸವಿಷ್ಟೆ: ಗುರುವಿನ ಮೇಜನ್ನು ಎತ್ತಿ ಶಿಷ್ಯನ ಮಡಿಲಿಗೆ ಇಟ್ಟಿದ್ದಾರೆ. ನೆರೆಮನೆಯ ಹುಡುಗ ಗುರುತನ್ನು ಅಳಿಸುವಾಗ ಆ ಮೇಜನ್ನು ಮರಳಿ ಹೊರಗಿಡುತ್ತಿದ್ದಾನೆ, ಅಷ್ಟೆ.

ನಿಜವಾದ ಯುದ್ಧದಲ್ಲಿ ಈ ವಿದ್ಯೆಯ ಅಗತ್ಯವೆಂಥದು ಎಂಬುದನ್ನು ತಿಳಿಯಲು ಪರದೇಶಕ್ಕೆ ಹೋಗಬೇಕಾಗಿಲ್ಲ. ಬಳ್ಳಾರಿಗೆ ಟಪಾಲು ಬಂದ ಎರಡು ತಿಂಗಳ ಮೇಲೆ, 1932ರ ಡಿಸೆಂಬರಿನಲ್ಲಿ, ಕೊಡಗಿನಲ್ಲಿ ಹುಟ್ಟಿದವರು ಅಜ್ಜಮಾಡ ಬೋಪಯ್ಯ ದೇವಯ್ಯ. 1954ರಲ್ಲಿ ವಾಯುಸೇನೆ ಸೇರಿ, ಕಿರಿಯರಿಗೆ ಹಾರಾಟ ಕಲಿಸುವ ಗುರುಗಳಾದರು. 1965ರ ಯುದ್ಧದಲ್ಲಿ ಅವರಿದ್ದುದು ಪಂಜಾಬಿನ ಆದಂಪುರದ 1ನೆಯ ಸ್ಕ್ವಾಡ್ರನ್ನಿನಲ್ಲಿ. ಸೆಪ್ಟೆಂಬರ್ 7ರ ಬೆಳಕು ಹರಿಯುವ ಮುನ್ನ ಅಲ್ಲಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ದೊಡ್ಡ ನೆಲೆಯಾದ ಸರಗೋಧಾದ ಮೇಲೆ ದಾಳಿಗೆ ಹೊರಟವು. ನಾಯಕರು ವಿಂಗ್ ಕಮಾಂಡರ್ ತನೇಜಾ. ದೇವಯ್ಯನವರ ಹೆಸರು ಹನ್ನೆರಡರ ಮೊದಲ ಪಟ್ಟಿಯಲ್ಲಿರಲಿಲ್ಲ. ಯಾವುದಾದರೂ ವಿಮಾನ ಹಿಂದುಳಿದರೆ ಅದರ ಸ್ಥಾನ ತುಂಬಲು ಕಾದಿದ್ದವರು. ಆ ಸಂದರ್ಭ ಬಂತು, ಹೊರಟರು.

ಆ ದಾರಿಯನ್ನೂ ಅಡಿಕೋಲು ಹಿಡಿದು ಅಳೆಯಬಹುದು. ಆದಂಪುರದಿಂದ ಸರಗೋಧಾ ಸುಮಾರು 300 ಕಿಲೋಮೀಟರು. ಬಿಯಾಸ್, ರಾವಿ, ಚಿನಾಬ್ ಎಂಬ ಮೂರು ನದಿಗಳನ್ನು ದಾಟಬೇಕು. ಶತ್ರುವಿನ ರೇಡಾರಿಗೆ ಸಿಗದಿರಲು ನೆಲಕ್ಕೆ ಅಂಟಿಕೊಂಡಂತೆ ಹಾರಬೇಕು. ನೆಲಕ್ಕೆ ಹತ್ತಿರವಾದಷ್ಟೂ ಕಾಣುವ ಪರಿಧಿ ಕಿರಿದು. ಇಂಥ ಹಾರಾಟಗಳಲ್ಲಿ ಲೆಕ್ಕಕ್ಕೆ ಸುಲಭವೆಂದು 420 ನಾಟುಗಳ ವೇಗವನ್ನು ಹಿಡಿಯುವ ವಾಡಿಕೆಯಿದೆ: ನಿಮಿಷಕ್ಕೆ 7 ನಾವಿಕ ಮೈಲಿ, ಎಂದರೆ 13 ಕಿಲೋಮೀಟರು. ದಶಲಕ್ಷಕ್ಕೊಂದರ ಪ್ರಮಾಣದ ನಕಾಶೆಯಲ್ಲಿ ಒಂದು ಸೆಂಟಿಮೀಟರು ಜಾಗವನ್ನು ಒಂದು ನಿಮಿಷ ತುಂಬುವ ಮೊದಲೇ ದಾಟಿರುತ್ತಾರೆ. ಪಂಜಾಬಿನ ಬಯಲಿನಲ್ಲಿ ಒಂದು ಕಾಲುವೆ ಇನ್ನೊಂದರಂತೆ; ಯುದ್ಧಕಾಲದ ಕತ್ತಲೆಯಲ್ಲಿ ಊರುಗಳು ದೀಪ ಆರಿಸಿಕೊಂಡಿವೆ. ಮಡಿಸಿದ ನಕಾಶೆಯ ಮೇಲಿನ ಪೆನ್ಸಿಲಿನ ಗೆರೆ, ದಿಕ್ಸೂಚಿ, ಗಡಿಯಾರ, ಇವನ್ನು ಬಿಟ್ಟರೆ ಗತಿಯಿಲ್ಲ. ಇಂಧನವೂ ಎಣಿಸಿಟ್ಟದ್ದು, ಅಲೆದು ಹುಡುಕುವಷ್ಟು ಉಳಿದಿರುವುದಿಲ್ಲ.

ದಾಳಿಯ ಹೊತ್ತಿಗೆ ಮಿಸ್ಟೇರುಗಳ ಮೇಲೆ ಎರಗಿದ್ದು ಅಮೆರಿಕದಿಂದ ಬಂದ ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಯಂತ್ರ. ಅದನ್ನು ನಡೆಸುತ್ತಿದ್ದವರು ಅಮ್ಜದ್ ಹುಸೇನ್. ದೇವಯ್ಯನವರ ವಿಮಾನಕ್ಕೆ ಪೆಟ್ಟು ಬಿತ್ತು. ಅವರು ತಿರುಗಿ ನಿಂತು ಹೋರಾಡಿದರು. ಸ್ಟಾರ್‌ಫೈಟರ್ ನೆಲಕ್ಕೆ ಬಿತ್ತು, ಹುಸೇನ್ ಹೊರಹಾರಿ ಬದುಕಿಕೊಂಡರು, ದೇವಯ್ಯನವರು ಮರಳಲಿಲ್ಲ. ಇದಾವುದನ್ನೂ ನಮ್ಮ ಕಡೆಯವರು ಕಂಡಿರಲಿಲ್ಲ. ಉಳಿದವರು ಆದಂಪುರಕ್ಕೆ ಬಂದು ಎಣಿಸಿದಾಗ ಒಂದು ವಿಮಾನ ಕಡಿಮೆ. ಕಾಣೆಯಾದವರ ಪಟ್ಟಿಯಲ್ಲಿ ಒಂದು ಹೆಸರು, ಅಲ್ಲಿಗೆ ದಾಖಲೆ ಮುಗಿಯಿತು.

ಹದಿನಾಲ್ಕು ವರ್ಷಗಳ ಮೇಲೆ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕ ಪಾಕಿಸ್ತಾನದ ವಾಯುಯುದ್ಧವನ್ನು ಕುರಿತು ಬರೆದ ಪುಸ್ತಕ ಹೊರಬಂತು. ಮಿಸ್ಟೇರೊಂದು ಸ್ಟಾರ್‌ಫೈಟರನ್ನು ಬೀಳಿಸಿದ ಸಂಗತಿ ಅದರಿಂದ ಹೊರಬಿತ್ತು. ಆ ದಿನ ಮರಳದ ವೈಮಾನಿಕ ಯಾರೆಂದು ತಾಳೆ ಹಾಕಿ ನೋಡಿದಾಗ ದೇವಯ್ಯನವರ ಹೆಸರು ನಿಂತಿತು. 1988ರಲ್ಲಿ, ಮಡಿದ ಇಪ್ಪತ್ತಮೂರು ವರ್ಷಗಳ ನಂತರ, ಸರಕಾರ ಅವರಿಗೆ ಮಹಾವೀರ ಚಕ್ರವನ್ನಿತ್ತಿತು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. 2025ರಲ್ಲಿ ಬಂದ ‘ಸ್ಕೈ ಫೋರ್ಸ್’ ಎಂಬ ಹಿಂದೀ ಚಿತ್ರಕ್ಕೂ ಅವರ ಕಥೆಯೇ ಆಧಾರ, ಹೆಸರು ಮಾತ್ರ ಬೇರೆ. ನಮ್ಮ ಊರಿನ ಎಷ್ಟು ಮಂದಿ ಕನ್ನಡಿಗರು ಆ ಚಿತ್ರವನ್ನು ನೋಡುವಾಗ ಇವರು ಕೊಡಗಿನವರೆಂದು ಅರಿತಿದ್ದರೋ! ಇಪ್ಪತ್ತಮೂರು ವರ್ಷ ಕಾದ ಆ ಮನೆಯವರ ಪಾಡನ್ನು ಸಿನೆಮಾದ ಎರಡು ಗಂಟೆಗಳಲ್ಲಿ ಅಳೆಯಲಾಗದು.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ದೇವಯ್ಯನವರ ವೃತ್ತಾಂತವನ್ನು ಕೇಳಿ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬಳ್ಳಾರಿಯ ದಾರಿಯ ಬಗ್ಗೆ ಕೇಳಿದ. ಅವನ ಯುದ್ಧದ ಆಟದಲ್ಲಿ ಕರ್ನಾಟಕದ ನೆಲವಿಲ್ಲ. ಆದರೆ ಲೋಕವನ್ನೆಲ್ಲ ಒಳಗೊಂಡ ಇನ್ನೊಂದು ಹಾರಾಟದ ಆಟವಿದೆಯಂತೆ. ಮುಂದಿನ ಭಾನುವಾರ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಗುರುತನ್ನು ಅಳಿಸಿ, ಚಿಕ್ಕ ವಿಮಾನವೊಂದರಲ್ಲಿ ಜುಹೂವಿನಿಂದ ಹೊರಟ. ಘಟ್ಟ ದಾಟಿದ್ದೂ ಕೃಷ್ಣೆ ದಾಟಿದ್ದೂ ಸರಿಯಾಗಿತ್ತು. ಕುಷ್ಟಗಿ ಕಾಣಬೇಕಾದ ಹೊತ್ತಿಗೆ ಕಾಣಲಿಲ್ಲ. ಮತ್ತೆ ಕೆಲವು ನಿಮಿಷಗಳಾದ ಮೇಲೆ ಮುಂದುಗಡೆ ಬಲಕ್ಕೆ ವಿಶಾಲವಾದ ನೀರು ಹೊಳೆಯತೊಡಗಿತು. ಅವನು ಗಡಿಯಾರ ನೋಡಿದ, ನಕಾಶೆ ನೋಡಿದ. “ಇದು ಹೊಸಪೇಟೆಯ ಡ್ಯಾಮು ಮಾಮ. ಗಾಳಿ ನನ್ನನ್ನು ಬಲಕ್ಕೆ ತಳ್ಳಿದೆ” ಎಂದು ವಿಮಾನವನ್ನು ಎಡಕ್ಕೆ ಹೊರಳಿಸಿದ. ಲೆಕ್ಕ ಹಾಕಿದರೆ ತಪ್ಪಿದ್ದು ನಾಲ್ಕು ಅಂಶಕ್ಕಿಂತ ಹೆಚ್ಚಿಲ್ಲ.

ವಿನ್ಸೆಂಟರಿಗೆ ಆ ನೀರು ಕಂಡಿರಲಾರದು ಎಂದು ನಾನು ನೆನಪಿಸಿದೆ. ತುಂಗಭದ್ರಾ ಅಣೆಕಟ್ಟು ಮುಗಿದದ್ದೇ 1953ರಲ್ಲಿ. “ಹಾಗಾದರೆ ಅವರು ಎಂತ ನೋಡಿ ತಿರುಗಿಸಿದರು?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಅವನು ಕೆಳಗಿನ ಬಂಡೆಗುಡ್ಡಗಳನ್ನು ನಕಾಶೆಯೊಡನೆ ಹೋಲಿಸತೊಡಗಿದ. ಸ್ವಲ್ಪ ಹೊತ್ತಿನಲ್ಲಿ ಬಳ್ಳಾರಿಯ ಕೋಟೆಯ ಗುಡ್ಡ ಎದುರಿಗೆ ಎದ್ದು ಬಂತು.